ಮಾದೇವಿ ಬೀಗವಿಲ್ಲದ ಕಂಪ್ಯೂಟರು ತಂದದ್ದು

ಗುಳೇದಗುಡ್ಡದಲ್ಲಿ ಮಾದೇವಿ ಎಲ್ಲಿ ಎಂದು ಕೇಳಿದರೆ ಓಣಿಗೊಬ್ಬ ಮಾದೇವಿಯನ್ನು ತೋರಿಸುತ್ತಾರೆ. ಗ್ರಾಫ್ ಮಾದೇವಿ ಎಂದು ಕೇಳಿ ನೋಡಿ, ಊರಿಗೆಲ್ಲ ಒಬ್ಬಳೇ. ನಲವತ್ತಾರು ವರ್ಷದ ಗಟ್ಟಿಮುಟ್ಟಾದ ಹೆಂಗಸು, ಬಾಯಿ ಸ್ವಲ್ಪ ಜೋರು. ಸ್ವಲ್ಪವೇನು ಬಂತು, ಭಾಳ ಜೋರು. ಕಣ್ಣು ಅದಕ್ಕಿಂತ ಚುರುಕು. ಕುಪ್ಪಸದ ಖಣದ ತುಂಡನ್ನು ಬೆಳಕಿಗೆ ಹಿಡಿದು, ಈ ಹೂವಿಗೆ ಇಷ್ಟು ಎಳೆ ಎಂದು ಎಣಿಸದೆಯೇ ಹೇಳಿಬಿಡುತ್ತಾಳೆ. ಸುಳ್ಳಿರಬೇಕೆಂದು ಎಣಿಸಲು ಕೂತವರು ಆಮೇಲೆ ಸುಮ್ಮನೆ ಎದ್ದು ಹೋಗಿದ್ದಾರೆ.

ಅವಳ ಕಸುಬು ಖಣಕ್ಕೆ ಗ್ರಾಫ್ ಬರೆಯುವುದು. ಮಗ್ಗಕ್ಕೆ ತಾನಾಗಿ ಹೂವು ಗೊತ್ತಿರುವುದಿಲ್ಲ ನೋಡಿ. ಯಾವ ಎಳೆ ಮೇಲೇಳಬೇಕು, ಯಾವುದು ಕೆಳಗುಳಿಯಬೇಕು ಎಂದು ಯಾರಾದರೂ ಅದಕ್ಕೆ ಹೇಳಬೇಕು. ಚೌಕಳಿ ಹಾಳೆಯ ಒಂದು ಚೌಕಕ್ಕೆ ಒಂದು ಎಳೆಯಂತೆ ಚಿತ್ರ ತುಂಬಬೇಕು, ಅದೇ ಗ್ರಾಫ್. ಗ್ರಾಫ್ ನೋಡಿಕೊಂಡು ರಟ್ಟಿನ ಕಾರ್ಡುಗಳಿಗೆ ತೂತು ಹೊಡೆಯುತ್ತಾರೆ. ಆ ಕಾರ್ಡುಗಳನ್ನು ಸರದಂತೆ ಹೊಲಿದು ಮಗ್ಗದ ಮೇಲೆ ಏರಿಸಿದರೆ, ಒಂದೊಂದು ಕಾರ್ಡು ಲಾಳಿಯ ಒಂದೊಂದು ಓಟಕ್ಕೆ ತಿರುಗಿ ಬಟ್ಟೆಯಲ್ಲಿ ಹೂವು ಬೀಳುತ್ತದೆ.

ಈ ವಿದ್ಯೆ ಅವಳಿಗೆ ಅಪ್ಪ ಮಲಕಪ್ಪನಿಂದ ಬಂತು. ಹೆಣ್ಣುಹುಡುಗಿಯ ಕೈಗೆ ಗ್ರಾಫ್ ಯಾಕೆ ಕೊಡುತ್ತೀ ಎಂದು ಬಳಗದವರು ಗೊಣಗಿದಾಗ ಮಲಕಪ್ಪ, "ಚೌಕಕ್ಕ ಗಂಡು ಹೆಣ್ಣು ಅಂತ ಐತೇನು?" ಎಂದು ಕೇಳಿ ಬಾಯಿ ಮುಚ್ಚಿಸಿದ್ದನಂತೆ. ಅವನು ಹಾಸಿಗೆ ಹಿಡಿದಾಗ ಅರ್ಧಕ್ಕೆ ನಿಂತ ಗೋಧಿ ತೆನೆಯ ಗ್ರಾಫನ್ನು ಹದಿನೇಳರ ಮಾದೇವಿ ಮುಗಿಸಿಕೊಟ್ಟಳು. ಅದು ಮಗಳ ಕೈಕೆಲಸ ಎಂದು ಗೊತ್ತಾದ ಮೇಲೆ ಇಬ್ಬರು ನೇಕಾರರು ವಾಪಸು ತಂದುಕೊಟ್ಟರು. ಪಕ್ಕದ ಓಣಿಯ ಅಂದಾನಪ್ಪ ಮಾತ್ರ ಮಗ್ಗಕ್ಕೆ ಏರಿಸಿದ, ಒಂದು ವಾರದಲ್ಲಿ ಮಾಲು ಖಾಲಿಯಾಯಿತು. ವಾಪಸು ತಂದವರು ಮತ್ತೆ ಬಂದಾಗ ಮಾದೇವಿ ಅವರನ್ನು ಅಂಗಳದಲ್ಲಿ ಒಂದು ತಾಸು ನಿಲ್ಲಿಸಿದಳು.

ಮದುವೆಯಾಯಿತು. ಗಂಡ ಶಂಕರಲಿಂಗ ಸರಕಾರಿ ಬಸ್ಸಿನ ಕಂಡಕ್ಟರು, ದಿನವೆಲ್ಲ ಮಂದಿಯ ಕೂಡ ಒದರಿ ಮನೆಗೆ ಬಂದರೆ ತುಟಿ ಬಿಚ್ಚುವವನಲ್ಲ. ಅದು ಮಾದೇವಿಗೂ ಅನುಕೂಲವೇ ಆಯಿತು. ಹನ್ನೆರಡು ವರ್ಷದ ಹಿಂದೆ ಅವಳು ಚೌಕಳಿ ಹಾಳೆ ಬಿಟ್ಟು ಕಂಪ್ಯೂಟರಿಗೆ ಬಂದಳು. ಬಾಗಲಕೋಟೆಯಲ್ಲಿ ಡಿಸೈನ್ ಸೆಂಟರ್ ಇಟ್ಟಿದ್ದ ದುಂಡೇಶ ಮಷಿನ್ನನ್ನೂ ನೇಯ್ಗೆಯ ಪ್ರೋಗ್ರಾಮನ್ನೂ ಮಾರಿದ. ಪ್ರೋಗ್ರಾಮಿಗೆ ಬೆರಳುದ್ದದ ಒಂದು ಲಾಕ್. ಅದನ್ನು ಮಷಿನ್ನಿಗೆ ಚುಚ್ಚದಿದ್ದರೆ ಏನೂ ತೆರೆಯುತ್ತಿರಲಿಲ್ಲ. ಆಗ ಅವಳಿಗೆ ಅದರಲ್ಲೇನೂ ತಪ್ಪು ಕಂಡಿರಲಿಲ್ಲ.

ಕಳೆದ ಶ್ರಾವಣದಲ್ಲಿ, ದಸರೆಯ ಖಣಕ್ಕೆ ಹತ್ತು ಮಗ್ಗದವರು ಹೊಸ ಗ್ರಾಫಿಗಾಗಿ ಕಾದು ಕೂತಿದ್ದಾಗ, ಆ ಕಂಪ್ಯೂಟರು ಸುಟ್ಟ ವಾಸನೆ ಬಿಟ್ಟು ಕಣ್ಣು ಮುಚ್ಚಿತು. ಮಾದೇವಿ ಅದನ್ನು ಸೀರೆಯಲ್ಲಿ ಕಟ್ಟಿಕೊಂಡು ಬಸ್ಸಿನಲ್ಲಿ ಬಾಗಲಕೋಟೆಗೆ ಒಯ್ದು ದುಂಡೇಶನ ಮೇಜಿನ ಮೇಲೆ ಇಟ್ಟಳು. ಅವನು ಡಬ್ಬಿ ಬಿಚ್ಚಿ ನೋಡಿ ನಾಲಿಗೆ ಲೊಚಗುಟ್ಟಿದ.

"ಇದರ ಆಯುಷ್ಯ ಮುಗೀತ್ರಿ ಅಕ್ಕಾರ. ಹೊಸಾ ಮಷಿನ್ನ ತಗೋಬೇಕು. ಹೊಸಾ ಮಷಿನ್ನಿಗೆ ಹೊಸಾ ವಿಂಡೋಸ್ ಬರತೈತಿ, ಅದರಾಗ ನಿಮ್ಮ ಹಳೇ ಪ್ರೋಗ್ರಾಮ್ ಏಳಂಗಿಲ್ಲ. ಅದೂ ಹೊಸಾದು, ಲಾಕೂ ಹೊಸಾದು. ಎಲ್ಲಾ ಕೂಡಿ ಒಂದು ಲಕ್ಷದ ನಲವತ್ತು ಸಾವಿರ ಆಕ್ಕೈತಿ."

"ನನ್ನ ಡಿಸೈನ್ ಅದಾವಲ್ರಿ ಇದರಾಗ, ಎರಡನೂರಾ ಹನ್ನೊಂದು?"

"ಅದಾವ್ರಿ. ಆದ್ರ ಹೊಸಾ ಪ್ರೋಗ್ರಾಮ್ ಇಲ್ದ ತೆರಿಯಂಗಿಲ್ಲ."

"ನಾ ಬರದದ್ದು ನನಗ ತೆರಿಯಂಗಿಲ್ಲೇನು?"

ದುಂಡೇಶ ಕೆಟ್ಟವನೇನಲ್ಲ, ನಗುನಗುತ್ತಲೇ ಮಾತಾಡುವವನು. ಆ ನಗುವೇ ಮಾದೇವಿಗೆ ಮೈಯೆಲ್ಲ ಉರಿಸಿತು. "ಹಾಸಿಗಿ ಇದ್ದಷ್ಟು ಕಾಲು ಚಾಚಬೇಕ್ರಿ ಅಕ್ಕಾರ," ಎಂದ ಅವನು. "ಇಲ್ಲೇ ನಮ್ಮ ಸೆಂಟರಿಗೆ ಬಂದು ಕುಂದರ್ರಿ. ತಿಂಗಳಾ ಹನ್ನೆರಡು ಸಾವಿರ ಕೊಡತೇನಿ. ನಿಮ್ಮ ಡಿಸೈನೆಲ್ಲಾ ನಮ್ಮ ಮಷಿನ್ಯಾಗ ತೆರೀತಾವು. ಮ್ಯಾಲ ಸೆಂಟರಿನ ಹೆಸರು ಇರತೈತಿ, ಅಷ್ಟ."

"ನನ್ನ ಹಾಸಿಗಿ ನನ್ನ ಮನ್ಯಾಗ ಐತ್ರಿ. ನಿಮ್ಮ ಅಂಗಡ್ಯಾಗ ಕಾಲು ಚಾಚಾಕ ನಾ ಬಂದಿಲ್ಲ," ಎಂದವಳೇ ಸತ್ತ ಕಂಪ್ಯೂಟರನ್ನು ಮತ್ತೆ ಸೀರೆಯಲ್ಲಿ ಕಟ್ಟಿ ಎತ್ತಿಕೊಂಡಳು.

ಎತ್ತಿಕೊಂಡದ್ದು ಆಯಿತು, ಹೋಗುವುದೆಲ್ಲಿ? ಬೀದಿಗೆ ಬಂದು ದಿನ ಲೆಕ್ಕ ಹಾಕಿದಳು. ಹತ್ತು ಮಗ್ಗದವರು ಎಂಟು ದಿನ ಕಾದಾರು, ಹೆಚ್ಚೆಂದರೆ ಹತ್ತು ದಿನ. ಆಮೇಲೆ ಅವರೇ ಈ ಮೆಟ್ಟಿಲು ಹತ್ತಿ ದುಂಡೇಶನ ಹತ್ತಿರ ಗ್ರಾಫ್ ತಗೊಳ್ಳುತ್ತಾರೆ, ಒಮ್ಮೆ ರೂಢಿಯಾದರೆ ತಿರುಗಿ ಬರುವುದಿಲ್ಲ. ಅಪ್ಪನ ಕಾಲದಿಂದ ಬಂದ ಕಸುಬು ಬೇರೆಯವರ ಹೆಸರಿನ ಕೆಳಗೆ ಹೋಗಿ ಕೂರುತ್ತದೆ. ಹಾಗೆ ಕೂರುವುದಕ್ಕಿಂತ ಜೋಳದ ರೊಟ್ಟಿ ಬಡಿದು ಮಾರಿದರೂ ಚೆಂದ ಎಂದುಕೊಂಡು ಅವಳು ನವನಗರದ ಅಂಗಡಿ ಸಾಲಿಗೆ ನಡೆದಳು.

ಮೊದಲನೇ ಅಂಗಡಿಯಲ್ಲಿ ಟೈ ಕಟ್ಟಿದವನೊಬ್ಬ, "ಗೇಮ್ಸಿಗೋ ಆಫೀಸಿಗೋ ಮೇಡಂ?" ಎಂದು ಕೇಳಿದ.

"ಎಳಿ ಎಣಸಾಕ."

ಅವನಿಗೆ ತಿಳಿಯಲಿಲ್ಲ. ತಟ್ಟೆಯಂಥ ತೆಳ್ಳನೆಯ ಲ್ಯಾಪ್‌ಟಾಪ್ ತೋರಿಸಿ, ಒಂದೇ ಕೈಯಲ್ಲಿ ಎತ್ತಬಹುದು ಎಂದು ಎತ್ತಿಯೂ ತೋರಿಸಿದ. ಅದರಲ್ಲಿ ಉದ್ದಕ್ಕೆ ನೂರಾ ಇಪ್ಪತ್ತು ಚೌಕ ಹಾಕಿಸಿ ನೋಡಿದಳು. ಒಂದೊಂದು ಚೌಕ ಸಾಸಿವೆಯಷ್ಟಾಯಿತು. "ಎತ್ತಿಕೊಂಡು ತಿರಗಾಕ ಇದೇನು ಕೂಸೇನ್ರಿ? ನನಗ ಕಣ್ಣಿಗೆ ಕಾಣೂದು ಬೇಕು," ಎಂದು ಹೊರಬಂದಳು. ಎರಡನೆಯವನು ಕಂತಿನ ಮಾತು ತೆಗೆದ. ಮೂರನೆಯವನು ದೊಡ್ಡ ಪರದೆಯ, ಒಳಗೆ ಬಣ್ಣದ ದೀಪ ಉರಿಯುವ ಮಷಿನ್ ತೋರಿಸಿ, ಇದರಷ್ಟು ಜೋರು ಓಡುವುದು ಬಾಗಲಕೋಟೆಯಲ್ಲೇ ಇಲ್ಲ ಎಂದ. ಎಳೆ ಎಲ್ಲಿಗೂ ಓಡುವುದಿಲ್ಲವಲ್ಲ, ನನಗೆ ಓಡುವುದು ಯಾಕೆ ಎಂದು ಕೇಳಿದರೆ ಅವನು ದೀಪದ ಬಣ್ಣ ಬದಲಿಸಿ ತೋರಿಸಿದ. ಮೂವರಲ್ಲಿ ಒಬ್ಬನಾದರೂ ನೀವು ಮಾಡುವ ಕೆಲಸ ತೋರಿಸಿ ಎನ್ನಲಿಲ್ಲ.

ಸಿಟ್ಟಿನಲ್ಲಿ ಗಂಡನಿಗೆ ಫೋನ್ ಹಚ್ಚಿದಳು. ಶಂಕರಲಿಂಗ ಎಲ್ಲ ಕೇಳಿಸಿಕೊಂಡು, "ಹಳೇ ಊರಾಗ ಜಲಾಲುದ್ದೀನ ಅಂತ ರಿಪೇರಿಯಾಂವ ಅದಾನ. ನಮ್ಮ ಡಿಪೋದ ಕಂಪ್ಯೂಟರ್ ಅವನ ನೋಡತಾನ. ಹೋಗು. ಹೋದಕೂಡ್ಲೆ ಬೈಬ್ಯಾಡ," ಎಂದು ಇಟ್ಟುಬಿಟ್ಟ.

ಜಲಾಲುದ್ದೀನನ ಅಂಗಡಿ ಎಂದರೆ ಎರಡು ಮಾರು ಅಗಲದ ಗೂಡು. ಆಫೀಸುಗಳು ಹೊಸದು ತಗೊಂಡಾಗ ಬಿಟ್ಟುಕೊಟ್ಟ ಹಳೆಯ ಮಷಿನ್‌ಗಳನ್ನು ಕೊಂಡು, ತೊಳೆದು ಒರೆಸಿ, ಕೆಟ್ಟದ್ದನ್ನು ಬದಲಿಸಿ ಮಾರುವ ಐವತ್ತರ ಮನುಷ್ಯ. ಮಾದೇವಿ ಬಾಯಿ ಬಿಗಿಹಿಡಿದು ನಿಂತಳು. ಅವನು ಕುರ್ಚಿ ಕೊಟ್ಟು ಮೊದಲು ಕೇಳಿದ್ದೇ ಇದು: "ಏನ್ ಕೆಲಸಾ ಮಾಡತೀರಿ ಅಕ್ಕಾ? ತೋರಸ್ರಿ."

ಅವಳು ಸೆಂಟರಿನಲ್ಲಿ ಕೇಳಿದ ಲಕ್ಷದ ಮಾತು ಹೇಳಿ, ಚೀಲದಿಂದ ಖಣದ ತುಂಡು ತೆಗೆದಳು. ಅವನು ಕನ್ನಡಕ ಏರಿಸಿ ತಿರುವಿ ಮುರುವಿ ನೋಡಿದ. "ಉದ್ದಕ್ಕ ಎಷ್ಟು ಎಳಿ?"

"ಈ ಹೂವಿಗೆ ನೂರಾ ಇಪ್ಪತ್ತು. ಕಾರ್ಡು ಎಂಬತ್ತನಾಲ್ಕು."

"ಅಂದ್ರ ಹಿಂಗ ನೂರಾ ಇಪ್ಪತ್ತು ಚೌಕ, ಹಿಂಗ ಎಂಬತ್ತನಾಲ್ಕು. ಕರಿ ಇಲ್ಲಾ ಬಿಳಿ. ಯಾ ಅಲ್ಲಾ, ಇದಕ್ಕ ಒಂದು ಲಕ್ಷ ಯಾಕ ಬೇಕ್ರಿ? ಇರಬಿಗೆ ಆನಿ ಅಂಬಾರಿ ಕಟ್ಟಾಕ ಹೊಂಟಾರಲ್ರಿ ನಿಮ್ಮ ಸೆಂಟರಿನವ್ರು!"

ಆ ದಿನ ಮಾದೇವಿ ಮೊದಲ ಸಲ ನಕ್ಕದ್ದು ಆಗ. ಜಲಾಲುದ್ದೀನ ಒಂದು ಬ್ಯಾಂಕಿನ ಹಳೆ ಡಬ್ಬಿಗೆ ದೊಡ್ಡ ಪರದೆ ಹಚ್ಚಿದ. ಇದರಲ್ಲಿ ವಿಂಡೋಸ್ ಇಲ್ಲ, ಲಿನಕ್ಸ್ ಇದೆ, ಚಿತ್ರ ಬರೆಯುವ ಪ್ರೋಗ್ರಾಮೂ ಇದೆ, ಎರಡೂ ಪುಕ್ಕಟೆ ಎಂದ. ಪುಕ್ಕಟೆ ಎಂದದ್ದೇ ಮಾದೇವಿಯ ಹುಬ್ಬು ಮೇಲೇರಿತು.

"ಕಳ್ಳ ಮಾಲೇನು?"

"ಛೇ ಛೇ! ಮಾಡಿದವ್ರ ಮಂದಿ ಬಳಸ್ಲಿ ಅಂತ ಬಿಟ್ಟಾರ. ನಿಮ್ಮ ಮಠದಾಗ ದಾಸೋಹ ಇರತೈತೆಲ್ಲ, ಹಂಗ. ಉಂಡಾವ್ರನ್ನ ನೀ ಯಾರು ಅಂತ ಕೇಳಂಗಿಲ್ಲ."

ಅವನು ಇನ್ನೊಂದು ಮಾತನ್ನೂ ಮುಚ್ಚಿಡಲಿಲ್ಲ. ಸತ್ತ ಕಂಪ್ಯೂಟರಿನ ಡಿಸ್ಕನ್ನು ಬಿಚ್ಚಿ ಇದಕ್ಕೆ ಸಿಕ್ಕಿಸಿ ತೋರಿಸಿದ. ಎರಡುನೂರಾ ಹನ್ನೊಂದು ಹೆಸರೂ ಪರದೆಯ ಮೇಲೆ ಬಂದವು, ಒಂದೂ ತೆರೆಯಲಿಲ್ಲ. "ಇವು ಆ ಪ್ರೋಗ್ರಾಮಿನ ಬೀಗದಾಗ ಅದಾವು. ನನ್ನ ಕೈಲೆ ಆಗಂಗಿಲ್ಲ. ಮತ್ತ ಹೊಸಾದಕ್ಕ ಕೈ ಹೊಂದೂತನಕ ಹತ್ತು ದಿನ ನನ್ನ ಬೈತೀರಿ. ಇದನ್ನೆಲ್ಲಾ ತಿಳಕೊಂಡ ತಗೋರಿ. ಪರದಿ ಹಿಡದು ಒಂಬತ್ತೂವರಿ ಸಾವಿರ."

ಮಾದೇವಿ ಕೂಡಲೇ ತಗೊಳ್ಳಲಿಲ್ಲ. ಅದೇ ಕುರ್ಚಿಯಲ್ಲಿ ಎರಡು ತಾಸು ಕೂತು ಆನೆ ಹೆಜ್ಜೆಯ ಹೂವನ್ನು ಪೂರ್ತಿ ಬರೆದಳು. ಚೌಕಗಳು ಕಡಲೆಕಾಳಿನಷ್ಟು ದೊಡ್ಡವು, ಕಣ್ಣಿಗೆ ತ್ರಾಸವಿಲ್ಲ. ಜಲಾಲುದ್ದೀನ ಒಮ್ಮೆಯೂ ಬೇಗ ಮಾಡಿ ಎನ್ನಲಿಲ್ಲ, ಚಹಾ ತರಿಸಿಕೊಟ್ಟ. ಕೊನೆಗೆ ಅವಳೆದ್ದು, "ಕಟ್ರಿ ಇದನ್ನ," ಎಂದಳು. ಸಂಜೆಯ ಬಸ್ಸಿನಲ್ಲಿ ಪರದೆ ಕಂಡಕ್ಟರನ ಸೀಟಿನ ಮೇಲೆ ಕೂತು ಗುಳೇದಗುಡ್ಡಕ್ಕೆ ಬಂತು, ಶಂಕರಲಿಂಗ ದಾರಿಯುದ್ದಕ್ಕೂ ನಿಂತೇ ಬಂದ.

ಹೊಸದಕ್ಕೆ ಕೈ ಹೊಂದಿಸಿಕೊಳ್ಳುವುದೇನೋ ಆಗುತ್ತಿತ್ತು. ಹಳೆಯ ಡಿಸೈನುಗಳದ್ದೇ ಚಿಂತೆ. ದಸರೆಗೆ ಮಂದಿ ಹೊಸ ಹೂವಿನ ಜೊತೆ ಗೋಧಿ ತೆನೆ, ಸೂರ್ಯನಾರಾಯಣ ಎಂದು ಹಳೆಯವನ್ನೂ ಕೇಳುತ್ತಾರೆ. ಅಂದಾನಪ್ಪನೂ ಅದಕ್ಕೇ ಕಾದಿದ್ದ. ಎಪ್ಪತ್ತು ದಾಟಿದರೂ, ಕಾಲು ಇಳಿಬಿಟ್ಟು ಕೂರುವ ಮಗ್ಗದ ಕುಣಿ ಬಿಟ್ಟು ಏಳದ ಮನುಷ್ಯ. ತನ್ನ ಗೋಧಿ ತೆನೆಯ ಕಾರ್ಡುಗಳು ಸವೆದು ತೂತು ಹಿಗ್ಗಿವೆ, ಹೊಸ ಸರ ಬೇಕು ಎಂದಿದ್ದ. ಹಾಳೆ ಎಂದೋ ಹರಿದುಹೋಯಿತು, ಗ್ರಾಫ್ ಈಗ ಬೀಗದೊಳಗಿದೆ ಎಂದು ಹೇಳಲು ಮಾದೇವಿ ಅವನ ಮನೆಗೆ ಹೋದಳು, ಹೇಳುವ ಮೊದಲೇ ಕಣ್ಣು ಮಗ್ಗದ ಕಡೆ ಹೋಯಿತು. ಮಗ್ಗದ ಮೇಲೆ ಕಾರ್ಡಿನ ಸರ ಇಳಿಬಿದ್ದಿತ್ತು. ತೂತು ಇದ್ದಲ್ಲಿ ಎಳೆ ಏಳುತ್ತದೆ, ಇಲ್ಲದಲ್ಲಿ ಇಲ್ಲ. ಅವಳು ಬರೆದ ಚೌಕಗಳೇ ಅಲ್ಲಿ ರಟ್ಟಿನಲ್ಲಿ ನೇತಾಡುತ್ತಿದ್ದವು.

"ಕಾಕಾ!" ಎಂದು ಅವಳು ಕೂಗಿದ ರಭಸಕ್ಕೆ ಅಂದಾನಪ್ಪನ ಕೈಯಿಂದ ಲಾಳಿ ಜಾರಿತು. "ಬೀಗಾ ಹಾಕ್ಯಾರಂತ ಬೀಗಾ! ನನ್ನ ಡಿಸೈನ್ ಊರ ತುಂಬ ಜೋತಾಡಾಕ ಹತ್ಯಾವು, ಇವ್ರ ಎಷ್ಟಕ್ಕಂತ ಬೀಗಾ ಹಾಕತಾರ?"

ಮರುದಿನದಿಂದ ಅವಳ ಪಡಸಾಲೆಯಲ್ಲಿ ಹೊಸ ಪಾಠ ಶುರುವಾಯಿತು. ಅಂದಾನಪ್ಪ ಕಾರ್ಡನ್ನು ಬೆಳಕಿಗೆ ಹಿಡಿದು, "ಮೂರು ಎತ್ತು, ಐದು ಬಿಡು, ಒಂದು ಎತ್ತು," ಎಂದು ಕೂಗುವುದು, ಮಾದೇವಿ ಪರದೆಯ ಮೇಲೆ ಚೌಕ ತುಂಬುವುದು. ಒಂದು ಹೂವಿಗೆ ಒಂದು ಮಧ್ಯಾಹ್ನ. ಸುದ್ದಿ ಕೇಳಿ ಉಳಿದವರೂ ತಮ್ಮ ತಮ್ಮ ಕಾರ್ಡಿನ ಸರಗಳನ್ನು ಹೆಗಲಿಗೆ ಹಾಕಿಕೊಂಡು ಬಂದರು. ನಾಲ್ಕು ದಿನಕ್ಕೆ ನಾಲ್ಕು ಹೂವು ಬೀಗದಿಂದಾಚೆ ಬಂದವು. ಅವುಗಳಿಂದ ಹೊಡೆದ ಹೊಸ ಕಾರ್ಡುಗಳು ಮಗ್ಗಕ್ಕೆ ಏರಿ ಒಂದು ಎಳೆ ತಪ್ಪದೆ ನಡೆದವು. ಮಾದೇವಿಯ ಕಾಲು ನೆಲದ ಮೇಲೆ ನಿಲ್ಲದಂತಾಯಿತು.

ತಪ್ಪಿದ್ದು ಆಮೇಲೆ. ಅವರ ಓಣಿಯ ಮಗ್ಗಗಳಲ್ಲಿ ಖಣವನ್ನು ಮುಖ ಕೆಳಗೆ ಮಾಡಿ ನೇಯುವುದು ರೂಢಿ. ನೇಯುವವನಿಗೆ ಕಾಣುವುದು ಬೆನ್ನು ಮಾತ್ರ. ಹೂವು ಸರಿ ಬಿತ್ತೋ ಇಲ್ಲವೋ ನೋಡಲು ಅಡಿಯಲ್ಲಿ ಕನ್ನಡಿ ಹಿಡಿಯಬೇಕು. ಆದ್ದರಿಂದ ಗ್ರಾಫ್ ಬರೆದ ಮೇಲೆ ಎತ್ತುವುದನ್ನು ಬಿಡುವುದಾಗಿ, ಬಿಡುವುದನ್ನು ಎತ್ತುವುದಾಗಿ ತಿರುವಿ, ಆಮೇಲೆ ಕಾರ್ಡು ಹೊಡೆಯಬೇಕು. ಹನ್ನೆರಡು ವರ್ಷ ಈ ಕೆಲಸವನ್ನು ಹಳೆಯ ಪ್ರೋಗ್ರಾಮು ಅವಳನ್ನು ಕೇಳದೆ ತಾನೇ ಮಾಡುತ್ತಿತ್ತು. ಕಾರ್ಡಿನಿಂದ ಓದಿದ ಹಳೆಯ ಹೂವುಗಳು ಮೊದಲೇ ತಿರುವಿದವು, ಹಾಗಾಗಿ ಸರಿಬಂದವು. ಹೊಸ ದಸರೆ ಹೂವನ್ನು ತಲೆಯಿಂದ ನೇರ ಬರೆದಳು, ತಿರುವುವುದನ್ನು ಮರೆತಳು.

ಅಂದಾನಪ್ಪ ಅದನ್ನೇರಿಸಿ ಒಂದು ಗೇಣು ನೇಯ್ದವನು ಹೋ ಎಂದು ಕೂಗಿಕೊಂಡ. ಹೂವು ಅವನ ಮುಖಕ್ಕೆ ನೇರ ನೋಡುತ್ತಿತ್ತು. ಐವತ್ತೈದು ವರ್ಷ ಮಗ್ಗದಲ್ಲಿ ಕೂತವನು ಕನ್ನಡಿಯಿಲ್ಲದೆ ಹೂವಿನ ಮುಖ ಕಂಡದ್ದು ಅಂದೇ. ಆದರೆ ಅಂಚಿನ ದಡಿಯ ಕಟ್ಟು ಬೇರೆ, ಈ ಕಾರ್ಡು ಅದಕ್ಕೆ ತಾಕುವುದಿಲ್ಲ, ಅದು ಎಂದಿನಂತೆ ಮುಖ ಕೆಳಗೆ ಮಾಡಿಯೇ ಬಂದಿತ್ತು. ದಡಿ ಒಂದು ಕಡೆ, ಒಡಲು ಇನ್ನೊಂದು ಕಡೆ; ಅಂಥ ಖಣವನ್ನು ಯಾರೂ ತೊಡುವಂತಿಲ್ಲ.

ಊರಿನಲ್ಲಿ ಮಾತು ಎಷ್ಟು ಹೊತ್ತು ನಿಲ್ಲುತ್ತದೆ? ಮಧ್ಯಾಹ್ನಕ್ಕೆ ಬಾಗಲಕೋಟೆ ಮುಟ್ಟಿತು. ಸಂಜೆಗೆ ನೇಕಾರರ ವಾಟ್ಸಾಪ್ ಗುಂಪಿನಲ್ಲಿ ದುಂಡೇಶನ ಸಂದೇಶ: "ಪುಕ್ಕಟೆ ಕಂಪ್ಯೂಟರಿನ ಖಣ: ದಡಿ ಬಾದಾಮಿ ಕಡೆ, ಒಡಲು ಇಳಕಲ್ಲ ಕಡೆ. ದಸರಾ ಗ್ರಾಫ್ ಬೇಕಾದವರು ನಮ್ಮ ಸೆಂಟರಿಗೆ ಬರ್ರಿ." ಕೆಳಗೆ ಹಲ್ಲು ಕಿಸಿಯುವ ಮುಖಗಳು. ಹತ್ತರಲ್ಲಿ ಮೂವರು ನೇಕಾರರು ಆ ರಾತ್ರಿಯೇ ದುಂಡೇಶನಿಗೆ ಫೋನ್ ಮಾಡಿದರೆಂದು ತಿಳಿಯಿತು.

ಮಾದೇವಿ ಮರುಬೆಳಿಗ್ಗೆ ಹತ್ತೂ ಜನರನ್ನು ಕರೆಸಿದಳು. "ಕುಣೀಲಾರದಾಕಿ ಅಂಗಳಾ ಡೊಂಕ ಅಂದ್ಲಂತ. ನಾ ಹಂಗ ಅನ್ನಾಕಿ ಅಲ್ಲ," ಎಂದಳು. "ಕಂಪ್ಯೂಟರ್ ನಾ ಹೇಳಿದ್ದನ್ನ ಮಾಡೇತಿ. ಹೇಳೂದನ್ನ ನಾ ಮರತೇನಿ. ತಪ್ಪು ನಂದು. ಅಂದಾನಪ್ಪ ಕಾಕಾನ ಎಂಬತ್ತನಾಲ್ಕು ಕಾರ್ಡೂ ನಾನ ನನ್ನ ಕೈಲೆ ಹೊಡದ ಕೊಡತೇನಿ. ನಾಡದು ಸಂಜೀಕ ಖಣಾ ಬಂದು ನೋಡ್ರಿ. ಸರಿ ಇಲ್ಲಂದ್ರ ದುಂಡೇಶನ ಸೆಂಟರಿಗೆ ಹೋಗ್ರಿ, ಬಸ್ಸಿಗೆ ನಾನ ಹತ್ತಸ್ತೇನಿ."

ಜಲಾಲುದ್ದೀನನಿಗೆ ಫೋನ್ ಮಾಡಿ ಕೇಳಿದರೆ ಕರಿಯನ್ನು ಬಿಳಿ ಮಾಡುವುದು ಒಂದೇ ಗುಂಡಿಯ ಕೆಲಸ. ಕಾರ್ಡು ಹೊಡೆಯುವುದು ಹಾಗಲ್ಲ. ತೂತಿನ ಮೊಳೆ, ಸುತ್ತಿಗೆ ಹಿಡಿದು ಅವಳು ಎರಡು ದಿನ ಎದ್ದಿಲ್ಲ. ಅಂಗೈ ಗುಳ್ಳೆಯೆದ್ದು ಒಡೆಯಿತು, ಅರಿವೆ ಸುತ್ತಿಕೊಂಡು ಹೊಡೆದಳು. ಅಡಿಗೆ ಶಂಕರಲಿಂಗನದು, ಉಪ್ಪು ಹೆಚ್ಚಾಗಿದ್ದರೂ ಆ ಎರಡು ದಿನ ಅವಳು ಬಾಯಿ ಬಿಡಲಿಲ್ಲ.

ಮೂರನೆಯ ದಿನ ಸಂಜೆ ಅಂದಾನಪ್ಪ ನೇಯ್ದ ಖಣವನ್ನು ಮಗ್ಗದಿಂದ ಕತ್ತರಿಸಿ ತಂದು ಅವಳ ಪಡಸಾಲೆಯಲ್ಲಿ ಹಾಸಿದ. ಒಡಲೂ ದಡಿಯೂ ಒಂದೇ ಕಡೆ ನಗುತ್ತಿದ್ದವು. ಹತ್ತು ಜನರೂ ಬಗ್ಗಿ ಮುಟ್ಟಿ ಮುಟ್ಟಿ ನೋಡುತ್ತಿದ್ದಾಗ ಬಾಗಿಲಲ್ಲಿ ಚಪ್ಪಲಿ ಬಿಡುವ ಸದ್ದಾಯಿತು. ದುಂಡೇಶ ತಾನೇ ಬಂದಿದ್ದ, ಫೋನ್ ಮಾಡಿದ ಮೂವರನ್ನು ಕರೆದೊಯ್ಯಲು. ಆ ಮೂವರು ಖಣ ನೋಡುವುದರಲ್ಲೇ ಮುಳುಗಿದವರಂತೆ ತಲೆ ಎತ್ತಲಿಲ್ಲ.

ಮಾದೇವಿ ಕಾರ್ಡು ಹೊಡೆಸಿಕೊಳ್ಳಲೆಂದು ಒಬ್ಬೊಬ್ಬರ ಪೆನ್ ಡ್ರೈವಿಗೂ ಹೊಸ ಹೂವಿನ ಗ್ರಾಫ್ ಹಾಕಿ ಕೊಡುತ್ತಿದ್ದಳು. ದುಂಡೇಶ ಖಣದ ತುದಿ ತಿರುವಿ ನೋಡಿ, ಅದೇ ನಗುವಿನಲ್ಲಿ ಹೇಳಿದ, "ಖಣಾ ಚಲೋ ಬಂದೈತ್ರಿ ಅಕ್ಕಾರ. ಆದ್ರ ಬೀಗಿಲ್ದ ಹಿಂಗ ಹಂಚತೀರಿ. ನಾಳೆ ಯಾವನರೆ ಎತ್ತಿಕೊಂಡು ತನ್ನ ಹೆಸರು ಹಾಕ್ಕೋತಾನ. ಆಗೇನ್ ಮಾಡತೀರಿ?"

"ಹಾಕ್ಕೊಳ್ಲಿ," ಎಂದಳು ಮಾದೇವಿ. "ಖಣಾ ಅಂದ್ರ ಕುಪ್ಪಸದ ಅರಿವಿ, ಟ್ರಂಕಿನ್ಯಾಗ ಇಡೂ ಮಾಲಲ್ಲ. ಕದ್ದಾಂವ ಅದನ್ನ ತನ್ನ ಮನಿ ಹೆಣಮಕ್ಕಳ ಬೆನ್ನಿಗೆ ಹಾಕಿ ಸಂತಿಗೆ ಕಳಸಬೇಕು. ನೋಡಿದ ನೇಕಾರ್ರು ಇದು ಯಾರ ಕೈ ಅಂತ ಹೆಸರಿಟ್ಟ ಹೇಳತಾರ. ಆಗ ಮಾರಿ ಮುಚ್ಚಿಕೊಳ್ಳಾಂವ ಅವನು, ನಾ ಅಲ್ಲ."

ಯಾರೋ ಹಿಂದಿನಿಂದ ಕಿಸಕ್ಕನೆ ನಕ್ಕರು. ಮಾದೇವಿ ತನ್ನ ಪೆನ್ ಡ್ರೈವನ್ನೇ ಮಷಿನ್ನಿನಿಂದ ಕಿತ್ತು, ಅರಿವೆ ಸುತ್ತಿದ ಕೈಯಿಂದ ದುಂಡೇಶನ ಕಡೆ ಚಾಚಿದಳು.

"ತಗೋರಿ, ನಿಮಗೂ ಒಂದು. ನಿಮ್ಮ ಕಂಪ್ಯೂಟರಿನ್ಯಾಗೂ ತೆರೀತೈತಿ."